ಬೋರ್‌ವೆಲ್ ನೀರಿನಿಂದಲೇ ಶುರುವಾಗಲಿ ಕೆಮಿಸ್ಟ್ರಿ ಪಾಠ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹಲ್ಲಿನ ಬಗ್ಗೆ ಒಂದು ಮಾತಿದೆ. ಬಾಯಿಯ ಪಿಎಚ್ (ಆಮ್ಲೀಯತೆಯ ಅಳತೆ, ಇದು ಇಳಿದಷ್ಟೂ ಆಮ್ಲ ಹೆಚ್ಚು) 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಸವೆಯಲು ಶುರುವಾಗುತ್ತದೆ. ಎಸ್‌ಎಸ್‌ಎಲ್‌ಸಿ ಬರೆಯುವ ಮಕ್ಕಳಿಗೆ ಈ ಸಂಖ್ಯೆ ಬಾಯಿಪಾಠ. ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದಂತಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಈ ಪಾಠ ಓದುವ ಎಷ್ಟೋ ಮಕ್ಕಳ ಹಲ್ಲಿನ ಮೇಲೆಯೇ ಕಂದು ಪಟ್ಟೆಗಳಿವೆ. ಆ ಪಟ್ಟೆ ಆಮ್ಲದಿಂದ ಬಂದದ್ದಲ್ಲ, ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬಂದದ್ದು. ಅದು ಯಾಕೆ ಬಂತು ಅನ್ನುವುದಕ್ಕೆ ಉತ್ತರ ಅದೇ ಕೆಮಿಸ್ಟ್ರಿಯಲ್ಲಿದೆ. ಆದರೆ ಆ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳುವುದಿಲ್ಲ, ಯಾಕೆಂದರೆ ಪರೀಕ್ಷೆಗೆ ಬರುವುದಿಲ್ಲ.

ಶಾಲೆಯ ರಸಾಯನಶಾಸ್ತ್ರವನ್ನು ಜಗತ್ತಿನ ದೊಡ್ಡ ಸಮಸ್ಯೆಗಳ ಮೂಲಕ ಕಲಿಸಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಶುದ್ಧ ನೀರು, ಆಹಾರ, ಹವಾಮಾನ, ಇಂಧನ, ಪ್ಲಾಸ್ಟಿಕ್. ಮಾತು ಸರಿಯಾಗಿದೆ. ಕೆಲಸ ಮಾತ್ರ ಬಹುಪಾಲು ಕಡೆ ಪಾಠದ ಕೊನೆಯ ಒಂದು ಚೌಕದಲ್ಲಿ ಮುಗಿದುಹೋಗುತ್ತದೆ. ಮೊದಲು ವ್ಯಾಖ್ಯೆ, ಆಮೇಲೆ ಸಮೀಕರಣ, ಆಮೇಲೆ ಲೆಕ್ಕ, ಸಮಯ ಉಳಿದರೆ 'ದಿನನಿತ್ಯದ ಬದುಕಿನಲ್ಲಿ ಉಪಯೋಗಗಳು'. ಪರಿಸರ ದಿನಕ್ಕೆ ಒಂದು ಚಾರ್ಟ್. ಇದರಿಂದ ಏನೂ ಬದಲಾಗುವುದಿಲ್ಲ. ಸಮಸ್ಯೆ ಮೊದಲು ಬರಬೇಕು. ಅದನ್ನು ಬಿಡಿಸಲು ಹೊರಟಾಗ 'ಈ ಸಮೀಕರಣ ಇಲ್ಲದೆ ಮುಂದೆ ಹೋಗಲಾಗದು' ಅನ್ನುವ ಜಾಗಕ್ಕೆ ಮಕ್ಕಳು ಬಂದು ನಿಲ್ಲಬೇಕು. ಆಗ ಕಲಿತದ್ದು ಉಳಿಯುತ್ತದೆ. ಫ್ಲೋರೈಡ್ ವಿಷಯವನ್ನೇ ತೆಗೆದುಕೊಂಡು ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹೆಚ್ಚು ಫ್ಲೋರೈಡ್‌ನಿಂದ ಬರುವ ಈ ತೊಂದರೆಗೆ ಫ್ಲೋರೋಸಿಸ್ ಎಂದು ಹೆಸರು. ಭಾರತದಲ್ಲಿ ಅದು ಮೊದಲು ದಾಖಲಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಕರ್ನಾಟಕದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಕೊಳವೆಬಾವಿಗಳಲ್ಲಿ ಇದು ಹಳೆಯ ತೊಂದರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೂ 1.5. ಇದಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ.

ಮಕ್ಕಳು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದು: ಟೂತ್‌ಪೇಸ್ಟ್‌ಗೆ ಫ್ಲೋರೈಡ್ ಬೇಕೆಂದೇ ಹಾಕುತ್ತಾರಲ್ವಾ, ಹಾಗಾದರೆ ಅದು ಒಳ್ಳೆಯದಾ ಕೆಟ್ಟದ್ದಾ? ಎಂಥ ಒಳ್ಳೆಯ ಪ್ರಶ್ನೆ. ಎನಾಮಲ್ ಅಂದರೆ ಮುಖ್ಯವಾಗಿ ಹೈಡ್ರಾಕ್ಸಿ ಅಪಟೈಟ್. ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳು ಸೇರಿ ಆದ ಹರಳು. ಹೈಡ್ರಾಕ್ಸೈಡ್ ಇರುವ ಜಾಗದಲ್ಲಿ ಫ್ಲೋರೈಡ್ ಬಂದು ಕೂತರೆ ಅದು ಫ್ಲೋರ್ ಅಪಟೈಟ್ ಆಗುತ್ತದೆ. ಇದು ಆಮ್ಲಕ್ಕೆ ಅಷ್ಟು ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ಹಲ್ಲಿನ ಮೇಲ್ಮೈಗೆ ತಾಗುವ ಸ್ವಲ್ಪ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ. ಆದರೆ ಎನಾಮಲ್ ಇನ್ನೂ ಕಟ್ಟಿಕೊಳ್ಳುತ್ತಿರುವಾಗ ದಿನಾ ಹೊಟ್ಟೆಗೆ ಹೋಗುವ ಹೆಚ್ಚು ಫ್ಲೋರೈಡ್ ಆ ಕೆಲಸವನ್ನೇ ಕೆಡಿಸುತ್ತದೆ. ವಸ್ತು ಒಂದೇ, ಪ್ರಮಾಣ ಮತ್ತು ಸಮಯ ಬೇರೆ. 'ಕೆಮಿಕಲ್ ಅಂದ್ರೆ ವಿಷ' ಎಂದು ನಂಬಿ ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಮುಖ್ಯವಾದ ಪಾಠ ನನಗೆ ಕಾಣುವುದಿಲ್ಲ.

ಎರಡನೇ ಪ್ರಶ್ನೆ ಇನ್ನೂ ಆಳದ್ದು. ಈ ಫ್ಲೋರೈಡ್ ಬಂತಾದರೂ ಎಲ್ಲಿಂದ? ಯಾವ ಕಾರ್ಖಾನೆಯೂ ಇದನ್ನು ತಂದು ಸುರಿದಿಲ್ಲ. ಬಯಲುಸೀಮೆಯ ಗ್ರಾನೈಟ್, ನೈಸ್ (gneiss) ಎಂಬ ಕಲ್ಲುಗಳ ಒಳಗೇ ಫ್ಲೋರೈಟ್, ಬಯೋಟೈಟ್, ಅಪಟೈಟ್ ಥರದ ಖನಿಜಗಳಿವೆ. ಕಲ್ಲಿನ ಬಿರುಕುಗಳಲ್ಲಿ ನೀರು ತುಂಬ ಕಾಲ ನಿಂತರೆ ಅವು ಸ್ವಲ್ಪ ಸ್ವಲ್ಪವಾಗಿ ಕರಗುತ್ತವೆ. ಮಳೆ ನೀರು ಬೇಗ ಇಳಿದು ಬೇಗ ಹೊರಬರುತ್ತಿದ್ದ ತೆರೆದ ಬಾವಿಗಳಲ್ಲಿ ಇದಕ್ಕೆ ಅವಕಾಶ ಕಡಿಮೆ. ಆಳದ ಕೊಳವೆಬಾವಿಗಳು ತೆಗೆಯುವುದು ಕಲ್ಲಿನ ಜೊತೆ ಬಹಳ ಕಾಲ ಇದ್ದ ನೀರನ್ನು.

ಇಲ್ಲಿ ಪಿಯುಸಿಯ 'ಸಮತೋಲನ' ಅಧ್ಯಾಯ ನೇರವಾಗಿ ಕೆಲಸಕ್ಕೆ ಬರುತ್ತದೆ. ಫ್ಲೋರೈಟ್ ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ಒಂದು ಕ್ಯಾಲ್ಸಿಯಂ, ಎರಡು ಫ್ಲೋರೈಡ್. ನೀರಿನಲ್ಲಿರುವ ಕ್ಯಾಲ್ಸಿಯಂ ಸಾರತೆಯನ್ನು (ಒಂದು ಲೀಟರಿನಲ್ಲಿ ಎಷ್ಟು ಮೋಲ್ ಇದೆ ಎಂಬ ಅಳತೆ) ಫ್ಲೋರೈಡ್ ಸಾರತೆಯ ವರ್ಗದಿಂದ ಗುಣಿಸಿದರೆ ಬರುವ ಸಂಖ್ಯೆ ಒಂದು ಮಿತಿಯನ್ನು ದಾಟಲಾರದು. ಆ ಮಿತಿಗೆ ವಿಲೀನತಾ ಗುಣಲಬ್ಧ ಎಂದು ಹೆಸರು. ಸುಮಾರು 4 × 10⁻¹¹ ಎಂದು ಇಟ್ಟುಕೊಳ್ಳೋಣ. ಈಗ ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು ತೆಗೆದುಕೊಳ್ಳಿ. ಪರಮಾಣು ತೂಕದಷ್ಟು ಗ್ರಾಂ ಅಂದರೆ ಒಂದು ಮೋಲ್. ಕ್ಯಾಲ್ಸಿಯಂನ ಪರಮಾಣು ತೂಕ 40, ಹಾಗಾಗಿ ಇದು 0.001 ಮೋಲ್. ಫ್ಲೋರೈಡ್‌ನ ಗರಿಷ್ಠ ಸಾರತೆ 0.0002 ಮೋಲ್ ಆಗುತ್ತದೆ, ಅಂದರೆ ಸುಮಾರು 3.8 ಮಿಲಿಗ್ರಾಂ (ಫ್ಲೋರಿನ್‌ನ ಪರಮಾಣು ತೂಕ 19). ಅದೇ ಕ್ಯಾಲ್ಸಿಯಂ 10 ಮಿಲಿಗ್ರಾಂಗೆ ಇಳಿದರೆ? ಫ್ಲೋರೈಡ್ 7.6 ಮಿಲಿಗ್ರಾಂವರೆಗೆ ಏರಬಹುದು. ಕ್ಯಾಲ್ಸಿಯಂ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಫ್ಲೋರೈಡ್‌ನ ಮಿತಿ ಎರಡು ಪಟ್ಟು. ಗುಣಲಬ್ಧದ ಬೆಲೆ ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಬೇರೆ ಇರುತ್ತದೆ, ಆದರೂ ಈ ಅನುಪಾತ ಬದಲಾಗುವುದಿಲ್ಲ.

ಅಂದರೆ ಕುಡಿಯಲು ಮೆತ್ತಗಿದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ ಎಂದು ಜನ ಮೆಚ್ಚುವ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆ ಇದೆ. ಬೈಕಾರ್ಬನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣದಕಲ್ಲಾಗಿ ಕೆಳಗೆ ಕೂರುತ್ತದೆ. ಕ್ಯಾಲ್ಸಿಯಂ ಹೋದ ಮೇಲೆ ಫ್ಲೋರೈಟ್ ಇನ್ನಷ್ಟು ಕರಗುತ್ತದೆ. ಲೆ ಶಾಟೆಲಿಯೆ ತತ್ವ, ಸಮಾನ ಅಯಾನು ಪರಿಣಾಮ, ಕ್ಷಾರೀಯತೆ, ಮೋಲ್ ಲೆಕ್ಕ — ನಾಲ್ಕೂ ಒಂದೇ ಬೋರ್‌ವೆಲ್‌ನಲ್ಲಿ ಸಿಕ್ಕವು. ಬಿಡಿಬಿಡಿಯಾಗಿ ಕಲಿಸಿದರೆ ಇವು ನಾಲ್ಕು ಬೇರೆ ಬೇರೆ ಪೀರಿಯಡ್‌ಗಳು.

ಇನ್ನು ನೋಡಿ, ಅಳೆಯುವ ಕೆಲಸ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲೂ ಐದು ಜನರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆ ಇದೆ. ಅವರ ಕೈಯಲ್ಲಿರುವ ಫೀಲ್ಡ್ ಟೆಸ್ಟ್ ಕಿಟ್‌ನಲ್ಲಿ ಫ್ಲೋರೈಡ್‌ಗೆ ಸಾಮಾನ್ಯವಾಗಿ ಜಿರ್ಕೋನಿಯಂ ಸೇರಿದ ಒಂದು ಬಣ್ಣದ ದ್ರಾವಣ ಇರುತ್ತದೆ. ಚಿಕ್ಕ ಗಾಜಿನ ನಳಿಕೆಯಲ್ಲಿ ಗೆರೆಯವರೆಗೆ ನೀರು ತುಂಬಿ, ಹನಿ ಲೆಕ್ಕದಲ್ಲಿ ದ್ರಾವಣ ಹಾಕಿ, ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಬೇಕು. ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಬಣ್ಣ ಹಾಗೇ ನಿಲ್ಲುತ್ತದೆ. ಫ್ಲೋರೈಡ್ ಹೆಚ್ಚಿದಂತೆ ಗುಲಾಬಿ ಮಾಸಿ ಹಳದಿಯತ್ತ ಹೋಗುತ್ತದೆ. ಕಾರ್ಡಿನ ಬಣ್ಣಗಳ ಪಕ್ಕ ಹಿಡಿದು ಓದಬೇಕು. ನಡೆದದ್ದು ಇಷ್ಟು: ಬಣ್ಣದ ಅಣುವಿಗಿಂತ ಫ್ಲೋರೈಡ್ ಜೊತೆ ಜಿರ್ಕೋನಿಯಂಗೆ ಗಟ್ಟಿ ನಂಟು. ಫ್ಲೋರೈಡ್ ಬಂದ ಕೂಡಲೇ ಜಿರ್ಕೋನಿಯಂ ಬಣ್ಣವನ್ನು ಬಿಟ್ಟು ಅದರ ಜೊತೆ ಹೋಗುತ್ತದೆ. ನೀರಿನಲ್ಲಿ ಅಲ್ಯೂಮಿನಿಯಂ ಇದ್ದರೆ ಅದೂ ಫ್ಲೋರೈಡನ್ನು ಹಿಡಿದುಕೊಂಡು ಉತ್ತರವನ್ನು ತಪ್ಪಿಸಬಹುದು. ಒಂದು ಮಗು 'ಒಂದು' ಅಂದರೆ ಇನ್ನೊಂದು ಮಗು 'ಒಂದೂವರೆ' ಅನ್ನುತ್ತದೆ. ಆ ಜಗಳ ನಡೆಯಲಿ. ಅಳತೆ ಅಂದರೆ ಏನು, ಅದರಲ್ಲಿ ಎಷ್ಟು ಅನಿಶ್ಚಿತತೆ ಇರುತ್ತದೆ, ಜಿಲ್ಲಾ ಪ್ರಯೋಗಾಲಯಕ್ಕೆ ಯಾವಾಗ ಕಳಿಸಬೇಕು ಎನ್ನುವುದೆಲ್ಲ ಆ ಜಗಳದಿಂದಲೇ ಹುಟ್ಟುತ್ತದೆ.

ಪರಿಹಾರದ ಕಡೆಯೂ ಕೆಮಿಸ್ಟ್ರಿಯೇ ಇದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನದಲ್ಲಿ ಬಳಸುವುದು ಆಲಂ (ಪಟಿಕ), ಸುಣ್ಣ, ಬ್ಲೀಚಿಂಗ್ ಪೌಡರ್. ಮೂರೂ ಮಕ್ಕಳಿಗೆ ಗೊತ್ತಿರುವ ಹೆಸರುಗಳು. ಆಲಂನಿಂದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಹಿಂಜಿದ ಹತ್ತಿಯ ಹಾಗೆ ಹುಟ್ಟಿ, ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಅಗ್ಗದ ವಿಧಾನ. ಆದರೆ ಕೆಸರು ಉಳಿಯುತ್ತದೆ, ಆಲಂ ಅಳತೆ ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಇನ್ನು ನೀರು ಕಾಯಿಸಿದರೆ ಸಾಕು ಎಂಬ ನಂಬಿಕೆ ತುಂಬ ಮನೆಗಳಲ್ಲಿದೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾರತೆ ಜಾಸ್ತಿಯೇ ಆಗುತ್ತದೆ. ಮಗು ಈ ಒಂದು ಮಾತನ್ನು ಮನೆಗೆ ಹೋಗಿ ಅಜ್ಜಿಗೆ ವಿವರಿಸಿ ಒಪ್ಪಿಸಿದರೆ, ಆ ಪಾಠಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಒಂದು ಎಚ್ಚರ ಇಲ್ಲಿಯೇ ಹೇಳಬೇಕು. ಕಲೆ ಬಿದ್ದ ಹಲ್ಲಿನ ಮಗುವನ್ನು ಎದ್ದು ನಿಲ್ಲಿಸಿ 'ನೋಡಿ, ಇದೇ ಫ್ಲೋರೋಸಿಸ್' ಎಂದು ತೋರಿಸುವುದು ಪಾಠವಲ್ಲ, ಕ್ರೌರ್ಯ. ಆ ಮಕ್ಕಳು ಆಗಲೇ ನಗುವಾಗ ಕೈ ಅಡ್ಡ ಹಿಡಿಯುವುದನ್ನು ಕಲಿತಿರುತ್ತಾರೆ. ಬೇರೆ ನೀರಿಗೆ ದುಡ್ಡಿಲ್ಲದ ಮನೆಗಳಲ್ಲೇ ಈ ಕಲೆ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಕಣ್ಣ ಮುಂದಿನ ಸಮಸ್ಯೆಯನ್ನು ತರಗತಿಗೆ ತರುವಾಗ ಅದು ಯಾರ ಮೈಮೇಲೆ ಇದೆ ಎಂಬ ಪರಿವೆ ಇರಲೇಬೇಕು. ಪರೀಕ್ಷೆಗೆ ನಿಲ್ಲಬೇಕಾದದ್ದು ನೀರು.

ಊರು ಬೇರೆಯಾದರೆ ಸಮಸ್ಯೆಯೂ ಬೇರೆ. ಬೆಂಗಳೂರಿನ ಮಕ್ಕಳಿಗೆ ಬೆಳ್ಳಂದೂರು ಕೆರೆಯ ನೊರೆ ಸಾಕು. 2015ರಲ್ಲಿ ಆ ನೊರೆಗೇ ಬೆಂಕಿ ಹತ್ತಿತ್ತು. ಹತ್ತನೇ ತರಗತಿಯ ಕಾರ್ಬನ್ ಪಾಠದಲ್ಲಿ ನೇರ ಸರಪಳಿ, ಕವಲೊಡೆದ ಸರಪಳಿ ಎಂದು ಬ್ಯೂಟೇನ್ ಚಿತ್ರ ಬರೆಸುತ್ತೇವೆ. ಯಾಕೆ ಬಿಡಿಸುತ್ತಿದ್ದೇವೆ ಎಂದು ಮಕ್ಕಳಿಗೆ ಹೊಳೆಯುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಬಂದ ಡಿಟರ್ಜೆಂಟ್‌ಗಳಲ್ಲಿ ಕವಲೊಡೆದ ಸರಪಳಿಯ ಅಣುಗಳಿದ್ದವು. ಬ್ಯಾಕ್ಟೀರಿಯಾಗಳಿಗೆ ಅವನ್ನು ಒಡೆಯುವುದು ಕಷ್ಟ. ಯುರೋಪ್, ಅಮೆರಿಕದ ನದಿಗಳು ನೊರೆ ತುಂಬಿ ಹರಿದವು. 1960ರ ದಶಕದಲ್ಲಿ ಅಲ್ಲಿ ನೇರ ಸರಪಳಿಯ ಅಣುಗಳಿಗೆ ಬದಲಾದರು, ನೊರೆ ಬಹಳ ಇಳಿಯಿತು. ಕವಲು ಇದೆಯೋ ಇಲ್ಲವೋ ಎಂಬ ಚಿತ್ರದ ಹಿಂದೆ ನದಿಗಳ ಕತೆಯೇ ಇದೆ. ಹಾಗಾದರೆ ಬೆಳ್ಳಂದೂರಿನಲ್ಲಿ ನೊರೆ ಯಾಕೆ? ಅಣು ಎಷ್ಟೇ ಸುಲಭವಾಗಿ ಒಡೆಯುವಂಥದ್ದಿದ್ದರೂ, ಅದನ್ನು ಒಡೆಯುವ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು, ಸಮಯ ಬೇಕು. ಶುದ್ಧೀಕರಿಸದ ಚರಂಡಿ ನೀರು ತುಂಬಿದ ಕೆರೆಯಲ್ಲಿ ಎರಡೂ ಸಿಗುವುದಿಲ್ಲ.

ಕರಾವಳಿಯ ಮಕ್ಕಳಿಗೆ ಪಣಂಬೂರಿನ ಯೂರಿಯಾ ಕಾರ್ಖಾನೆ ಇದೆ. ಗೊಬ್ಬರದ ಚೀಲದ ಮೇಲೆ ಬರೆದಿರುವ 46 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಅಣು ತೂಕದಿಂದಲೇ ಲೆಕ್ಕ ಹಾಕಬಹುದು: 60ರಲ್ಲಿ 28 ಭಾಗ ನೈಟ್ರೋಜನ್. 45 ಕಿಲೋ ಚೀಲದಲ್ಲಿ ನೈಟ್ರೋಜನ್ ಸುಮಾರು 20.7 ಕಿಲೋ. ಗಾಳಿಯ ನೈಟ್ರೋಜನ್ನನ್ನು ಅಮೋನಿಯಾ ಮಾಡುವ ಹೇಬರ್ ವಿಧಾನ ಇಲ್ಲದಿದ್ದರೆ ಇಂದು ಜಗತ್ತಿನ ಸುಮಾರು ಅರ್ಧ ಜನಕ್ಕೆ ಊಟ ಸಾಲದು ಎಂಬ ಅಂದಾಜಿದೆ. ಅದೇ ಅಮೋನಿಯಾ ತಯಾರಿಕೆ ಜಗತ್ತಿನ ಶಕ್ತಿ ಬಳಕೆಯಲ್ಲಿ ಶೇ. 2ರಷ್ಟನ್ನು ತಿನ್ನುತ್ತದೆ. ಗಿಡ ಹೀರದೆ ಉಳಿದ ನೈಟ್ರೋಜನ್ ಬಾವಿಗೆ ನೈಟ್ರೇಟ್ ಆಗಿ, ಗಾಳಿಗೆ ನೈಟ್ರಸ್ ಆಕ್ಸೈಡ್ ಆಗಿ ಸೇರುತ್ತದೆ. ಆ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಒಳ್ಳೆಯದು, ಕೆಟ್ಟದ್ದು ಎಂದು ಸುಮ್ನೆ ಎರಡು ಪಟ್ಟಿ ಬರೆಸುವ ಪ್ರಬಂಧಕ್ಕೆ ಈ ವಿಷಯ ಒಗ್ಗುವುದಿಲ್ಲ.

ಮಕ್ಕಳಿಗೆ ಸಮಸ್ಯೆಗಳನ್ನೇ ಹೇಳುತ್ತಾ ಹೋದರೆ ಅವರು ಕುಗ್ಗಿ ಹೋಗುತ್ತಾರೆ ಎಂಬ ಆತಂಕ ನ್ಯಾಯವಾದದ್ದು. ಅದಕ್ಕೆ ಓಝೋನ್ ಕತೆಯನ್ನು ಜೊತೆಗಿಡಬೇಕು. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಫ್ರಿಜ್, ಸ್ಪ್ರೇಗಳ ಅನಿಲ ಓಝೋನ್ ಪದರವನ್ನು ತಿನ್ನಬಹುದು ಎಂದು ತೋರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ರಂಧ್ರ ಪತ್ತೆಯಾಯಿತು. 1987ರಲ್ಲಿ ಅಂಥ ಅನಿಲಗಳ ಬಳಕೆಯನ್ನು ನಿಲ್ಲಿಸಲು ಮಾಂಟ್ರಿಯಲ್ ಒಪ್ಪಂದ ಬಂತು. ಈಗ ಆ ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ತೊಂದರೆ ತಂದದ್ದೂ ಕೆಮಿಸ್ಟ್ರಿ, ಅದನ್ನು ಹಿಡಿದು ತೋರಿಸಿ ಬದಲಿ ವಸ್ತು ಕೊಟ್ಟದ್ದೂ ಕೆಮಿಸ್ಟ್ರಿ.

ಇದೆಲ್ಲ ಹೊಸ ಆಲೋಚನೆಯೇನಲ್ಲ. 1980ರ ದಶಕದಲ್ಲೇ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಾಲ್ಟರ್ಸ್ ಎಂಬ ಯೋಜನೆ ಹೀಗೆ ಬದುಕಿನ ಸಂದರ್ಭಗಳಿಂದ ಕೆಮಿಸ್ಟ್ರಿ ಕಲಿಸಲು ಹೊರಟಿತು. ಅಮೆರಿಕದ ಕೆಮಿಕಲ್ ಸೊಸೈಟಿ ಅದೇ ದಶಕದಲ್ಲಿ ನೀರಿನ ಸಮಸ್ಯೆಯಿಂದ ಶುರುವಾಗುವ ಹೈಸ್ಕೂಲ್ ಪಠ್ಯ ತಂದಿತು. ಇಂಥ ಪಾಠಗಳ ಮೇಲೆ ನಡೆದ ಅಧ್ಯಯನಗಳನ್ನು ಯಾರ್ಕ್‌ನ ಸಂಶೋಧಕರು 2007ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಮಕ್ಕಳಿಗೆ ವಿಜ್ಞಾನದ ಮೇಲೆ ಒಲವು ಹೆಚ್ಚುತ್ತದೆ, ವಿಷಯದ ತಿಳಿವಳಿಕೆ ಹಳೆಯ ವಿಧಾನದಷ್ಟೇ ಇರುತ್ತದೆ ಎಂದು ಕಂಡುಬಂತು. ಅಂದರೆ ಮಕ್ಕಳು ಇದರಿಂದ ಏಕಾಏಕಿ ಜಾಣರಾಗಿಬಿಡುವುದಿಲ್ಲ. ಆದರೆ ಏನೂ ಕಳೆದುಕೊಳ್ಳದೆ ಒಲವು ಸಿಗುತ್ತದೆ. ಪಿಯುಸಿಗೆ ಬರುವಷ್ಟರಲ್ಲಿ ಎಷ್ಟು ಮಕ್ಕಳು ಕೆಮಿಸ್ಟ್ರಿ ಅಂದರೆ ಹೆದರುತ್ತಾರೆ ಎಂದು ನೋಡಿದವರಿಗೆ ಅದರ ಬೆಲೆ ಗೊತ್ತು.

ನಮ್ಮ ದೇಶದ ಉದಾಹರಣೆ ಇನ್ನೂ ಹಳೆಯದು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 1972ರಲ್ಲಿ ಮಾಡಿ ಕಲಿಯುವ ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಆರರಿಂದ ಎಂಟನೇ ತರಗತಿಯವರೆಗೆ. ಹಳ್ಳಿಯ ಮಣ್ಣು, ನೀರು, ಬೆಳೆ ಅಲ್ಲಿ ಪಾಠವಾದವು. ಅದರ ದೊಡ್ಡ ಧೈರ್ಯ ಇದ್ದದ್ದು ಪರೀಕ್ಷೆಯಲ್ಲಿ. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯುತ್ತಿದ್ದರು, ಜೊತೆಗೆ ಪ್ರಯೋಗದ ಪರೀಕ್ಷೆ ಇತ್ತು. 2002ರಲ್ಲಿ ರಾಜ್ಯ ಸರ್ಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸ ಅದು. ನಿಲ್ಲಿಸಿದ್ದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಇತ್ತೀಚೆಗೆ ನಾವು ಇನ್ನೂ ಹಿಂದಕ್ಕೆ ಹೋಗಿದ್ದೇವೆ. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿತು. ಹನ್ನೊಂದನೇ ತರಗತಿಯ 'ಪರಿಸರ ರಸಾಯನಶಾಸ್ತ್ರ' ಅಧ್ಯಾಯ ಹೋಯಿತು. ಹನ್ನೆರಡರಲ್ಲಿ ಪಾಲಿಮರ್‌ಗಳು ಮತ್ತು 'ದಿನನಿತ್ಯದ ಬದುಕಿನಲ್ಲಿ ರಸಾಯನಶಾಸ್ತ್ರ' ಹೋದವು. ಹತ್ತರಲ್ಲಿ ಆವರ್ತ ಕೋಷ್ಟಕದ ಪಾಠ, ಶಕ್ತಿಯ ಮೂಲಗಳ ಪಾಠ ಎರಡೂ ಹೋದವು. ನಮ್ಮ ಪಿಯು ಕಾಲೇಜುಗಳಲ್ಲಿ ಓದುವುದೂ ಈ ಪಠ್ಯವನ್ನೇ. ಹೊರೆ ಇಳಿಸಬೇಕಾದಾಗ ಮೊದಲು ಕತ್ತರಿ ಬಿದ್ದದ್ದು ಯಾವುದಕ್ಕೆ ಎಂದು ಗಮನಿಸಿ. ಸಮಸ್ಯೆಗಳನ್ನು ಪ್ರತ್ಯೇಕ ಅಧ್ಯಾಯವಾಗಿ ಕೊನೆಯಲ್ಲಿ ಇಟ್ಟರೆ ಆಗುವುದೇ ಇದು. ಅವು ಸಮತೋಲನದ ಪಾಠದ ಒಳಗೆ, ಕಾರ್ಬನ್ ಪಾಠದ ಒಳಗೆ ಬೆರೆತಿದ್ದರೆ ಅಷ್ಟು ಸುಲಭವಾಗಿ ಕಿತ್ತು ಹಾಕಲು ಆಗುತ್ತಿರಲಿಲ್ಲ.

ಶಿಕ್ಷಕರನ್ನು ದೂರುವುದು ತಪ್ಪು. ಹಲವು ಹೈಸ್ಕೂಲುಗಳಲ್ಲಿ ಒಬ್ಬರೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ನೋಡಿಕೊಳ್ಳುತ್ತಾರೆ. ಫೆಬ್ರವರಿ ಹೊತ್ತಿಗೆ ಸಿಲೆಬಸ್ ಮುಗಿಸಿ ರಿವಿಷನ್ ಶುರು ಮಾಡಬೇಕು, ಜಿಲ್ಲೆಯ ಫಲಿತಾಂಶ ಕಡಿಮೆಯಾದರೆ ಉತ್ತರ ಕೊಡಬೇಕು. ಅಂಥವರ ಮುಂದೆ 'ಜಾಗತಿಕ ಸವಾಲು' ಎಂಬ ಇನ್ನೊಂದು ತರಬೇತಿ ಪುಸ್ತಕ ಇಟ್ಟರೆ ಅದು ಬೀರು ಸೇರುತ್ತದೆ. ಹೊಸದಾಗಿ ಏನನ್ನೂ ಸೇರಿಸದೆ, ಇರುವುದನ್ನೇ ತಿರುಗಿಸಿ ಇಡುವ ದಾರಿಯೇ ಅವರಿಗೆ ಉಪಯೋಗ. ಎಸ್‌ಎಸ್‌ಎಲ್‌ಸಿಯ ವಿಜ್ಞಾನದಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಅದರಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಸಿಗುವ ಚಾರ್ಟು, ಯೂಟ್ಯೂಬ್ ನೋಡಿ ಮಾಡಿದ ಮಾದರಿಗಳಿಗೆ ಹೋಗುತ್ತವೆ. ಅದರ ಬದಲು ಊರಿನ ನೀರಿನ ಮೂಲಗಳ ಗಡಸುತನ, ಪಿಎಚ್, ಫ್ಲೋರೈಡ್, ನೈಟ್ರೇಟ್ ಅಳೆದು ವರ್ಷವಿಡೀ ದಾಖಲೆ ಇಡುವ ಕೆಲಸಕ್ಕೆ ಆ ಅಂಕ ಕೊಡಬಹುದು. ಕಿಟ್ ಪಂಚಾಯಿತಿಯಲ್ಲಿ ಇದೆ. ತರಬೇತಿ ಪಡೆದ ಅಕ್ಕಂದಿರು ಊರಲ್ಲೇ ಇದ್ದಾರೆ. ಮಕ್ಕಳ ರಾಷ್ಟ್ರೀಯ ವಿಜ್ಞಾನ ಸಮಾವೇಶಕ್ಕೆ ಇಂಥ ಯೋಜನೆಗಳನ್ನು ನಮ್ಮ ಹಳ್ಳಿ ಮಕ್ಕಳು ಮೊದಲಿಂದಲೂ ಒಯ್ಯುತ್ತಿದ್ದಾರೆ. ಆ ಅವಕಾಶ ಶಾಲೆಗೆ ಒಂದಿಬ್ಬರಿಗೆ ಮಾತ್ರ ಸಿಗದೆ, ಇಡೀ ತರಗತಿಗೆ ಸಿಗಬೇಕು.

ಆಮೇಲೆ ಪ್ರಶ್ನೆಪತ್ರಿಕೆ. ಅದು ಬದಲಾದರೆ ಮಾತ್ರ ತರಗತಿ ಬದಲಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪಿಯುಸಿಗೆ ಒಂದು ಪ್ರಶ್ನೆ ಹೀಗಿರಬಹುದು: ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ 1000 ಲೀಟರ್ ಬೋರ್‌ವೆಲ್ ನೀರು ಹೋಗುತ್ತದೆ. 500 ಲೀಟರ್ ಶುದ್ಧ ನೀರು ಹೊರಬರುತ್ತದೆ, ಅದರಲ್ಲಿ ಫ್ಲೋರೈಡ್ ಲೀಟರಿಗೆ 0.3 ಮಿಲಿಗ್ರಾಂ. ಉಳಿದ 500 ಲೀಟರ್ ಪಕ್ಕದ ಚರಂಡಿಗೆ ಹೋಗುತ್ತದೆ. ಆ ನೀರಿನಲ್ಲಿ ಫ್ಲೋರೈಡ್ ಎಷ್ಟು? ಲೆಕ್ಕ ಸುಲಭ. ಒಳಗೆ ಹೋದದ್ದು 3000 ಮಿಲಿಗ್ರಾಂ, ಕ್ಯಾನುಗಳಿಗೆ ಹೋದದ್ದು 150, ಉಳಿದದ್ದು 2850. ಲೀಟರಿಗೆ 5.7 ಮಿಲಿಗ್ರಾಂ. ಎರಡನೇ ಭಾಗ: ಆ ಚರಂಡಿ ನೀರು ಇಂಗುವ ಜಾಗದಿಂದ ಸ್ವಲ್ಪ ದೂರದಲ್ಲೇ ಘಟಕದ ಬೋರ್‌ವೆಲ್ ಇದೆ. ಐದು ವರ್ಷದಲ್ಲಿ ಏನಾಗಬಹುದು, ಅದನ್ನು ತಿಳಿಯಲು ಯಾವ ಅಳತೆಗಳು ಬೇಕು, ಆ ನೀರನ್ನು ಬೇರೆ ಯಾವುದಕ್ಕೆ ಬಳಸಬಹುದು? ಇದಕ್ಕೆ ಗೈಡಿನಲ್ಲಿ ಉತ್ತರ ಇರುವುದಿಲ್ಲ. ಐದು ಅಂಕ ಕೊಡಿ, ಮೌಲ್ಯಮಾಪಕರಿಗೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಒಪ್ಪುವ ಸೂಚನೆ ಕೊಡಿ. ಪಬ್ಲಿಕ್ ಪರೀಕ್ಷೆಯಲ್ಲಿ ಇಂಥದ್ದೊಂದು ಪ್ರಶ್ನೆ ಸತತವಾಗಿ ಮೂರು ವರ್ಷ ಬಂದರೆ, ನಾಲ್ಕನೇ ವರ್ಷ ಟ್ಯೂಷನ್ ಮನೆಗಳಲ್ಲೂ ಬೋರ್‌ವೆಲ್ ನೀರಿನ ಬಾಟಲಿ ಮೇಜಿನ ಮೇಲೆ ಬರುತ್ತದೆ.